ಅಮೆರಿಕದಲ್ಲಿ ರಿಯಲ್ ಎಸ್ಟೇಟ್ ಏಜೆಂಟರು ತಮಗೆ ಬೇಕಾದ ಮನೆಗಳಿಗೆ ಮಾತ್ರ ಜಾಹೀರಾತು ಅಂಚೆ ಕಳಿಸಬಹುದಾ?
ಕಳಿಸಬಹುದು, ಆದರೆ ಯಾವ ಲೆಕ್ಕದಲ್ಲಿ ವಿಳಾಸ ಆರಿಸುತ್ತಾರೆ ಅನ್ನೋದು ಮುಖ್ಯ. ಮನೆಯ ಬೆಲೆ, ಕೊಂಡು ಎಷ್ಟು ವರ್ಷವಾಯಿತು ಅಂತ ನೋಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಜನಾಂಗ, ಮೈಬಣ್ಣ, ಧರ್ಮ, ಲಿಂಗ, ಮೂಲದೇಶ, ಅಂಗವೈಕಲ್ಯ, ಮನೆಯಲ್ಲಿ ಮಕ್ಕಳಿದ್ದಾರಾ ಅನ್ನೋದನ್ನು ನೋಡಿ ಕೆಲವರನ್ನು ಬಿಟ್ಟರೆ ಮನೆ ಮಾರಾಟ, ಬಾಡಿಗೆಯಲ್ಲಿ ತಾರತಮ್ಯ ತಡೆಯೋ 1968ರ ಫೇರ್ ಹೌಸಿಂಗ್ ಆ್ಯಕ್ಟ್ ಅನ್ನೋ ಕಾಯ್ದೆ ಅಡಿ ಸಿಕ್ಕಿಬೀಳಬಹುದು. ಅದಕ್ಕೆ ಜಾಹೀರಾತು ಕಾರ್ಡಿನಲ್ಲಿ ಒಂದು ಕೆಟ್ಟ ಮಾತೂ ಇರಬೇಕಿಲ್ಲ. ಯಾಕಂದರೆ ಮನೆ ಮಾರಾಟಕ್ಕಿದೆ ಅನ್ನೋ ಸುದ್ದಿಯೇ ತಲುಪದಿದ್ದರೆ ಅವರಿಗೆ ಬಾಗಿಲು ಮುಚ್ಚಿದ ಹಾಗೇ ಅಲ್ವಾ? 'ಏರಿಯಾ ನೋಡಿ ಆರಿಸಿದೆ' ಅನ್ನೋ ನೆಪದಲ್ಲಿ ಜನಾಂಗ ನೋಡಿದರೂ ಅಷ್ಟೇ.

ಇನ್ನೊಂದು ಹಳೇ ಕುತಂತ್ರವಿತ್ತು. 'ಕಪ್ಪು ಜನ ಬರ್ತಿದ್ದಾರೆ, ಬೆಲೆ ಬೀಳುತ್ತೆ' ಅಂತ ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಮನೆ ಮಾರಿಸೋದು. ಅದನ್ನೂ ಇದೇ ಕಾಯ್ದೆ ನಿಷೇಧಿಸಿದೆ.