ಓದುಗರ ಪ್ರಶ್ನೆ: ವಿಚಾರ ಸಂಕಿರಣದಲ್ಲಿ ವಿಚಾರಕ್ಕೆ ಹೊತ್ತು ಎಲ್ಲಿ?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಸಮಾಜಶಾಸ್ತ್ರ ವಿಭಾಗಗಳ ವಿಚಾರ ಸಂಕಿರಣ ಮತ್ತು ವಿಶೇಷ ಉಪನ್ಯಾಸಗಳ ಬಗ್ಗೆ ಬರೆದ ಪತ್ರಗಳು ಈ ಸಲ ಒಟ್ಟಿಗೆ ಬಂದಿವೆ. ಒಂದು ಕಾಲಕ್ಕೆ ಗುಲ್ಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಭಾಗಕ್ಕೆ ಈಗ ಹತ್ತಿರದಲ್ಲೇ ವಿಶ್ವವಿದ್ಯಾಲಯಗಳಿವೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಶುರುವಾಯಿತು. ಕಾರ್ಯಕ್ರಮಗಳು ಹೆಚ್ಚಿದಂತೆ ಪ್ರಶ್ನೆಗಳೂ ಹೆಚ್ಚಿವೆ. ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನಮ್ಮ ಪದವಿ ಕಾಲೇಜು, ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ ಸೇರಿ ಒಂದು ದಿನದ ರಾಜ್ಯಮಟ್ಟದ ಸಂಕಿರಣ ಮಾಡಬೇಕೆಂದಿದೆ. ಎಲ್ಲ ಕಡೆ ಬೆಳಗಿನ ಸಭಾಂಗಣ ತುಂಬಿರುತ್ತದೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಕುರ್ಚಿಗಳಷ್ಟೇ ಉಳಿಯುತ್ತವೆ. ಇದನ್ನು ತಪ್ಪಿಸುವುದು ಹೇಗೆ?
– ಉಪನ್ಯಾಸಕರು, ಗಂಗಾವತಿ

ಮಧ್ಯಾಹ್ನದ ಗೋಷ್ಠಿ ಹಾಳಾಗುವುದು ಬೆಳಗ್ಗೆಯೇ. ಆಮಂತ್ರಣದಲ್ಲಿ 10 ಗಂಟೆ ಎಂದಿರುತ್ತದೆ, ಮುಖ್ಯ ಅತಿಥಿ ಬಂದು ಸಸಿಗೆ ನೀರೆರೆಯುವಾಗ 11 ದಾಟಿರುತ್ತದೆ. ವೇದಿಕೆ ಮೇಲೆ ಹನ್ನೆರಡು ಜನ, ಪ್ರತಿಯೊಬ್ಬರಿಗೂ ಶಾಲು, ಹಾರ, ನೆನಪಿನ ಕಾಣಿಕೆ, ಎರಡು ಮಾತು. ದಿಕ್ಸೂಚಿ ಭಾಷಣ ಶುರುವಾಗುವ ಹೊತ್ತಿಗೆ ಕೇಳುಗರಿಗೆ ಹಸಿವು. ಊಟ ಮುಗಿದಾಗ ಎರಡೂವರೆ. ಸಿಂಧನೂರು, ಕುಷ್ಟಗಿ, ಸಂಡೂರಿನಿಂದ ಬಂದವರು ನಾಲ್ಕೂವರೆಯ ಬಸ್ಸು ಹಿಡಿಯಬೇಕು. ನಡುವೆ ಉಳಿದ ಎರಡು ಗಂಟೆಯಲ್ಲಿ ಇಪ್ಪತ್ತೈದು ಪ್ರಬಂಧ ಮಂಡಿಸಿ ಎಂದರೆ ಒಬ್ಬರಿಗೆ ಐದು ನಿಮಿಷವೂ ಸಿಗುವುದಿಲ್ಲ.

ಅದಕ್ಕೆ ವೇಳಾಪಟ್ಟಿಯನ್ನು ಸಂಜೆ 4ರಿಂದ ಹಿಂದಕ್ಕೆ ಲೆಕ್ಕ ಹಾಕಿ. 9:15ಕ್ಕೆ ನೋಂದಣಿ, 9:45ಕ್ಕೆ ಉದ್ಘಾಟನೆ. ಉದ್ಘಾಟನೆಗೆ 35 ನಿಮಿಷ ಸಾಕು. ಸರ್ಕಾರ ಗೊತ್ತುಪಡಿಸಿದ ನಾಡಗೀತೆ 2 ನಿಮಿಷ 30 ಸೆಕೆಂಡಿನದು. ಸ್ವಾಗತಕ್ಕೆ 3, ಪ್ರಾಸ್ತಾವಿಕಕ್ಕೆ 7, ಉದ್ಘಾಟಕರಿಗೆ 8, ಅಧ್ಯಕ್ಷರಿಗೆ 8 ನಿಮಿಷ ಕೊಟ್ಟರೂ ಎದ್ದು ಕೂರುವುದಕ್ಕೆ ಆರು ನಿಮಿಷ ಉಳಿಯುತ್ತದೆ. ವಂದನಾರ್ಪಣೆ ಸಂಜೆ ಒಂದೇ ಸಲ. ಸನ್ಮಾನ ಬೇಕೇ ಬೇಕೆಂದರೆ ಊಟಕ್ಕೆ ಮುಂಚೆ ಐದು ನಿಮಿಷ ಇಟ್ಟುಕೊಳ್ಳಿ. 10:20ರಿಂದ ದಿಕ್ಸೂಚಿ ಭಾಷಣ 40 ನಿಮಿಷ, ಅದರ ಮೇಲೆ ಪ್ರಶ್ನೆಗಳು 20 ನಿಮಿಷ. 11:20ಕ್ಕೆ ಚಹಾ. 11:35ರಿಂದ 1ರವರೆಗೆ ಮೊದಲ ಗೋಷ್ಠಿ, 50 ನಿಮಿಷ ಊಟ, 1:50ರಿಂದ 3:15ರವರೆಗೆ ಎರಡನೆಯದು, ಆಮೇಲೆ ಅರ್ಧ ತಾಸು ಮುಕ್ತ ಚರ್ಚೆ.

ಒಂದು ಗೋಷ್ಠಿಗೆ ನಾಲ್ಕೇ ಪ್ರಬಂಧ. ತಲಾ 12 ನಿಮಿಷ, ಅದರ ಮೇಲೆ ನಾಲ್ಕಕ್ಕೂ ಸೇರಿ ಅರ್ಧ ಗಂಟೆ ಚರ್ಚೆ. ಹತ್ತನೇ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸಲಿ, ಹನ್ನೆರಡಕ್ಕೆ ಎರಡು ಸಲ. ಗೋಷ್ಠಿಯ ಅಧ್ಯಕ್ಷರಿಗೆ ಇದನ್ನು ಮುಂಚೆಯೇ ತಿಳಿಸಿ, ಗಂಟೆ ಬಾರಿಸುವ ಕೆಲಸ ವಿದ್ಯಾರ್ಥಿಗೆ ಬಿಡಿ. ಹಿರಿಯರನ್ನು ನಿಲ್ಲಿಸಲು ಅಧ್ಯಕ್ಷರಿಗೆ ಸಂಕೋಚವಾಗುತ್ತದೆ, ಗಂಟೆಗೆ ಆಗುವುದಿಲ್ಲ.

ಹಾಗಾದರೆ ಒಂದು ಕೋಣೆಗೆ ದಿನಕ್ಕೆ ಎಂಟು ಪ್ರಬಂಧ, ಎರಡು ಕೋಣೆ ಇದ್ದರೆ ಹದಿನಾರು. ನಲವತ್ತು ಬಂದರೆ? ಇಪ್ಪತ್ತನಾಲ್ಕನ್ನು ಒಪ್ಪಿಕೊಳ್ಳಬಾರದು. ಇಲ್ಲಿಯೇ ಎಲ್ಲರೂ ಸೋಲುವುದು. ನೋಂದಣಿ ಶುಲ್ಕ ಬರುತ್ತದೆ, ಪ್ರಮಾಣಪತ್ರ ಕೇಳುತ್ತಾರೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಐದು ನಿಮಿಷ ಓದಿ ಇಳಿದ ಸಂಶೋಧನಾರ್ಥಿಗೆ ಒಂದು ಪ್ರಶ್ನೆಯೂ ಬಾರದಿದ್ದರೆ ಅವರು ಅಷ್ಟು ದೂರದಿಂದ ಬಂದದ್ದು ವ್ಯರ್ಥ. ಉಳಿದವರಿಗೆ ಭಿತ್ತಿಪತ್ರ ಪ್ರದರ್ಶನ ಇಡಿ. ಹಜಾರದಲ್ಲಿ ಹಗ್ಗ ಕಟ್ಟಿ ದೊಡ್ಡ ಹಾಳೆ ತೂಗುಹಾಕಿ, ಚಹಾ ಹೊತ್ತಿನಲ್ಲಿ ಅವರು ಅದರ ಪಕ್ಕ ನಿಂತು ವಿವರಿಸಲಿ. ಎಷ್ಟೋ ಸಲ ಒಳಗಿನ ಗೋಷ್ಠಿಗಿಂತ ಅಲ್ಲಿಯೇ ಹೆಚ್ಚು ಮಾತು ನಡೆಯುತ್ತದೆ.

ಇನ್ನೊಂದು ಕೆಲಸ: ಪ್ರತಿ ಗೋಷ್ಠಿಗೆ ಒಬ್ಬ ಪ್ರತಿಕ್ರಿಯೆಕಾರರನ್ನು ಗೊತ್ತುಮಾಡಿ, ನಾಲ್ಕೂ ಪ್ರಬಂಧಗಳನ್ನು ಅವರಿಗೆ ಒಂದು ವಾರ ಮುಂಚೆ ತಲುಪಿಸಿ. ಓದಿಕೊಂಡು ಬಂದವರೊಬ್ಬರಿದ್ದರೆ ಚರ್ಚೆ ತಾನಾಗಿ ಹುಟ್ಟುತ್ತದೆ.

ಸಂಕಿರಣ ಯಾವ ತಿಂಗಳಲ್ಲಿ ಇಟ್ಟರೆ ಒಳ್ಳೆಯದು?
– ಅತಿಥಿ ಉಪನ್ಯಾಸಕರು, ಬಳ್ಳಾರಿ

ನವೆಂಬರ್‌ನಿಂದ ಫೆಬ್ರವರಿ ನಡುವೆ. ಬರುವ ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕೆಂದು ಎಲ್ಲರೂ ಮಾರ್ಚ್‌ಗೇ ಇಟ್ಟುಕೊಳ್ಳುತ್ತಾರೆ. ಒಂದೇ ವಾರದಲ್ಲಿ ನಾಲ್ಕು ಸಂಕಿರಣ ಬಿದ್ದು ಸಂಪನ್ಮೂಲ ವ್ಯಕ್ತಿಗಳೂ ಸಿಗುವುದಿಲ್ಲ, ಕೇಳುಗರೂ ಹಂಚಿಹೋಗುತ್ತಾರೆ. ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಂತೂ ಮಧ್ಯಾಹ್ನ ಎರಡರ ಗೋಷ್ಠಿಗೆ ಯಾರನ್ನೂ ಕೂರಿಸಬೇಡಿ.

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುಂಚೆ ಎರಡು ಸಂಕಿರಣಗಳಲ್ಲಿ ಮಂಡನೆ ಕಡ್ಡಾಯವೆಂದು ಹಿರಿಯರು ಹೇಳುತ್ತಾರೆ, ಈಗ ಅದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಯಾವುದು ಸರಿ? ಅಂತಾರಾಷ್ಟ್ರೀಯ ಸಂಕಿರಣಕ್ಕೇ ಹೋಗಬೇಕೇ?
– ಸಂಶೋಧನಾರ್ಥಿ, ರಾಯಚೂರು

ಎರಡೂ ಸರಿ, ವರ್ಷ ಬೇರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2016ರ ನಿಯಮದಲ್ಲಿ ಎರಡು ಮಂಡನೆ ಮತ್ತು ತಜ್ಞರು ಪರಿಶೀಲಿಸುವ ನಿಯತಕಾಲಿಕದಲ್ಲಿ ಒಂದು ಲೇಖನ ಕಡ್ಡಾಯವಾಗಿತ್ತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ಆದರೆ ವಿಶ್ವವಿದ್ಯಾಲಯ ತನ್ನದೇ ನಿಯಮಾವಳಿಯಲ್ಲಿ ಅದನ್ನು ಇಟ್ಟುಕೊಂಡಿರಬಹುದು. ನೀವು ನೋಂದಾಯಿಸಿಕೊಂಡ ದಿನಾಂಕ ನೋಡಿ, ಆ ದಿನ ಜಾರಿಯಲ್ಲಿದ್ದ ನಿಯಮದ ಪ್ರತಿಯನ್ನು ಸಂಶೋಧನಾ ವಿಭಾಗದಿಂದ ಪಡೆದು ಕಡತದಲ್ಲಿಡಿ. ಬಾಯಿಮಾತು ನಂಬಬೇಡಿ.

ಅಂತಾರಾಷ್ಟ್ರೀಯ ಎಂಬ ಹೆಸರಿನ ಹಿಂದೆ ಅಂಕದ ಲೆಕ್ಕವಿದೆ. ಅಧ್ಯಾಪಕರ ನೇಮಕಾತಿ, ಬಡ್ತಿ ಕುರಿತ 2018ರ ಯುಜಿಸಿ ನಿಯಮದಲ್ಲಿ ಸಂಕಿರಣದ ಮಂಡನೆಗೆ ವಿದೇಶದಲ್ಲಾದರೆ 7, ದೇಶದೊಳಗಿನ ಅಂತಾರಾಷ್ಟ್ರೀಯಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟಕ್ಕೆ 2 ಅಂಕ. ಮಂಡಿಸಿದ್ದೇ ಸಂಕಿರಣದ ಸಂಪುಟದಲ್ಲಿ ಅಚ್ಚಾದರೆ ಎರಡು ಸಲ ಲೆಕ್ಕವಿಲ್ಲ, ಒಂದೇ ಸಲ. ಹೊರದೇಶದ ಒಬ್ಬರನ್ನು ಆನ್‌ಲೈನ್‌ನಲ್ಲಿ ಇಪ್ಪತ್ತು ನಿಮಿಷ ಕೂರಿಸಿ ಫ್ಲೆಕ್ಸ್ ಮೇಲೆ ಅಂತಾರಾಷ್ಟ್ರೀಯ ಎಂದು ಬರೆಯುವ ರೂಢಿ ಬೆಳೆದದ್ದು ಹೀಗೆ. ಅದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ನಿಮ್ಮ ವಿಷಯವನ್ನು ಬಲ್ಲ ಮೂವರು ಕೂತಿರುವ ವಿಭಾಗಮಟ್ಟದ ಗೋಷ್ಠಿಗೆ ಮೊದಲು ಹೋಗಿ.

ಸಂಪುಟಕ್ಕೆ ಐಎಸ್‌ಬಿಎನ್ ಇದೆ ಎಂದ ಮಾತ್ರಕ್ಕೆ ಅದನ್ನು ಯಾರೋ ಪರಿಶೀಲಿಸಿದ್ದಾರೆ ಎಂದಲ್ಲ. ಅದು ಪುಸ್ತಕದ ಗುರುತಿನ ಸಂಖ್ಯೆ, ಅಷ್ಟೇ. ಮಾನ್ಯ ನಿಯತಕಾಲಿಕಗಳನ್ನು ಹೆಸರಿಸುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನೂ ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಯುಜಿಸಿ ಪ್ರಕಟಿಸಿದೆ. ಕೇರ್ ಪಟ್ಟಿಯಲ್ಲಿ ಹಾಕಿಸುತ್ತೇವೆ, ಹಣ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕನ್ನಡದಲ್ಲಿ ಕಳಿಸಿದ ಸಾರಾಂಶವನ್ನು ಎರಡು ಸಲ ವಾಪಸ್ ಕಳಿಸಿದರು. ಒಂದು ಸಲ ಓದಲು ಬರುತ್ತಿಲ್ಲ ಎಂದರು, ಇನ್ನೊಂದು ಸಲ ಸಂಶೋಧನೆ ಕಾಣುತ್ತಿಲ್ಲ ಎಂದರು.
– ಸಂಶೋಧನಾರ್ಥಿನಿ, ಸಿಂಧನೂರು

ಮೊದಲನೆಯದು ಅಕ್ಷರದ ತೊಂದರೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಹೊತ್ತಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕೊಂಬು, ಚುಕ್ಕಿಗಳ ಅರ್ಥವಿಲ್ಲದ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಕಡತವನ್ನು ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ‘ವರ್ಗ’, ‘ಧರ್ಮ’, ‘ಕಾರ್ಮಿಕ’ ಇಂಥ ಪದಗಳಲ್ಲೇ ತಪ್ಪು ನುಸುಳುವುದು, ಸಮಾಜಶಾಸ್ತ್ರದ ಪ್ರಬಂಧದಲ್ಲಿ ಅವು ಸಾಲುಸಾಲಿಗೂ ಬರುತ್ತವೆ. ಕಳಿಸುವಾಗ ವರ್ಡ್ ಕಡತದ ಜೊತೆ ಪಿಡಿಎಫ್ ಕೂಡ ಲಗತ್ತಿಸಿ.

ಎರಡನೆಯದು ಬರೆಯುವ ಕ್ರಮ. ‘ಭಾರತ ಹಳ್ಳಿಗಳ ದೇಶ’ ಎಂದು ಶುರುವಾದರೆ 250 ಪದಗಳ ಸಾರಾಂಶದಲ್ಲಿ ಮೊದಲ 80 ಪದ ಹೋದವು. ನಿಮ್ಮ ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಟಿ ಕೂಲಿ ಹೆಂಗಸರದು ಎಂದುಕೊಳ್ಳೋಣ. ಮೊದಲ ವಾಕ್ಯದಲ್ಲೇ ಪ್ರಶ್ನೆ ಬರಲಿ: ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಗದ್ದೆಗೂ ಮೂಲ ಊರಿನ ಗದ್ದೆಗೂ ನಾಟಿಯ ಗುತ್ತಿಗೆ ಮಾತಾಡುವವರು ಯಾರು, ಆ ಮಾತುಕತೆ ಬೇರೆ ಬೇರೆಯೇ? ಎರಡನೆಯದರಲ್ಲಿ ಎಲ್ಲಿ, ಯಾವಾಗ, ಎಷ್ಟು ಮನೆ, ಹೇಗೆ ಕೇಳಿದಿರಿ. ಆಮೇಲೆ ಕಂಡದ್ದು ಏನು. ಕೊನೆಗೆ ಅದು ಯಾವ ಹಳೆಯ ಮಾತನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ. ಮಂಡನೆಗೆ ಬೇರೆ ಪ್ರತಿ ಮಾಡಿಕೊಳ್ಳಿ. ನಿಮಿಷಕ್ಕೆ 80–90 ಪದದಂತೆ 12 ನಿಮಿಷಕ್ಕೆ ಸಾವಿರ ಪದ ಸಾಕು. ಪೂರ್ತಿ ಪ್ರಬಂಧ ಹಿಡಿದು ಹೋದರೆ ಪೀಠಿಕೆಯಲ್ಲೇ ಗಂಟೆ ಬೀಳುತ್ತದೆ.

ವಿಶೇಷ ಉಪನ್ಯಾಸ ಮುಗಿದ ಮೇಲೆ ‘ಪ್ರಶ್ನೆಗಳಿವೆಯೇ’ ಎಂದರೆ ಎಂ.ಎ. ತರಗತಿ ಮೌನವಾಗಿಬಿಡುತ್ತದೆ. ವಿದ್ಯಾರ್ಥಿ ಪ್ರತಿನಿಧಿಯಾಗಿ ನಾನೇನು ಮಾಡಬಹುದು?
– ವಿದ್ಯಾರ್ಥಿ, ಸಂಡೂರು

ವಿಭಾಗದ ಮುಖ್ಯಸ್ಥರ ಮೂಲಕ ಅತಿಥಿಗಳಿಗೆ ಹೋಗುವ ಪತ್ರದಿಂದಲೇ ಶುರುಮಾಡಿ. ಕೇಳುಗರು ಯಾವ ಸೆಮಿಸ್ಟರ್‌ನವರು, ಎಷ್ಟು ಜನ, ಪಠ್ಯದಲ್ಲಿ ಎಲ್ಲಿಯವರೆಗೆ ಓದಿದ್ದಾರೆ, ಯಾವ ಭಾಷೆ ಅನುಕೂಲ ಎಂಬುದನ್ನು ಅದರಲ್ಲಿ ಬರೆಯಿಸಿ. ಉಪನ್ಯಾಸ 45 ನಿಮಿಷ, ಪ್ರಶ್ನೋತ್ತರ 30 ನಿಮಿಷ ಎಂದು ಸ್ಪಷ್ಟವಾಗಿರಲಿ. ಅವರಿಂದಲೇ ಎಂಟು ಹತ್ತು ಪುಟದ ಓದು ಕೇಳಿ ಪಡೆದು ಒಂದು ವಾರ ಮುಂಚೆ ಹಂಚಿ. ಮೂರು ನಾಲ್ಕು ಜನ ಸೇರಿ ಒಂದೊಂದು ಪ್ರಶ್ನೆ ಬರೆದುಕೊಂಡು ಬನ್ನಿ.

ಪ್ರಶ್ನೆ ನಿಮ್ಮ ಊರಿನಿಂದ ಬಂದರೆ ಗಟ್ಟಿಯಾಗಿರುತ್ತದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ ಪರಿಕಲ್ಪನೆಯನ್ನೇ ನೋಡಿ. ಜನಸಂಖ್ಯೆ, ಭೂಮಿ, ರಾಜಕೀಯ ಬಲ, ಜಾತಿ ಶ್ರೇಣಿಯಲ್ಲಿ ತೀರ ಕೆಳಗಿಲ್ಲದ ಸ್ಥಾನ ಇವು ಅವರು ಹೇಳಿದ ಲಕ್ಷಣಗಳು. ತುಂಗಭದ್ರೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರಲ್ಲಿ ಭೂಮಿ ಇದೆ, ಹಣ ಇದೆ, ಸುತ್ತಲಿನ ಹಳ್ಳಿಗಳಲ್ಲಿ ಸಂಖ್ಯೆ ಇಲ್ಲ. ಅವರು ಪ್ರಬಲ ಜಾತಿಯೇ? ಮೈಸೂರು ಸೀಮೆಯ ಹಳ್ಳಿ ನೋಡಿ ಕಟ್ಟಿದ ಮಾತು ಗಣಿಯ ಸಂಡೂರಿಗೆ ಎಷ್ಟು ಹೊಂದುತ್ತದೆ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲ ಮಾಡಿದ್ದ ಮನೆಗಳ ಜಾತಿ ಸಂಬಂಧ ಬದಲಾಯಿತೇ? ಇಂಥ ಪ್ರಶ್ನೆ ಕೇಳಿದರೆ ಅತಿಥಿಗಳೂ ಎದ್ದು ಕೂರುತ್ತಾರೆ.

ಉಪನ್ಯಾಸ ಮುಗಿದ ತಕ್ಷಣ ಮೈಕ್ ಹಿಡಿಸಬೇಡಿ. ‘ಪಕ್ಕದವರ ಜೊತೆ ಮೂರು ನಿಮಿಷ ಮಾತಾಡಿ’ ಎಂದು ಬಿಡಿ, ಚೀಟಿ ಹಂಚಿ. ಎದ್ದು ನಿಲ್ಲಲು ಹಿಂಜರಿಯುವವರು, ಅದರಲ್ಲೂ ಹುಡುಗಿಯರು, ಚೀಟಿಯಲ್ಲಿ ಒಳ್ಳೆಯ ಪ್ರಶ್ನೆ ಬರೆಯುತ್ತಾರೆ. ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಲಿ. ಮೇಷ್ಟ್ರು ಮೊದಲು ಕೇಳಿದರೆ ಉಳಿದವರ ಬಾಯಿ ಕಟ್ಟುತ್ತದೆ.

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗ್ಗೆ ಬಳ್ಳಾರಿಯಲ್ಲಿ ಇಳಿಯುವ ಅತಿಥಿಗಳಿಗೆ ಕೋಣೆಯನ್ನು ಹಿಂದಿನ ರಾತ್ರಿಯಿಂದಲೇ ಕಾಯ್ದಿರಿಸಲು ಹೇಳಿ. ಇಲ್ಲದಿದ್ದರೆ ಅವರು ಲಾಡ್ಜಿನ ಮುಂದೆ ಚೀಲ ಹಿಡಿದು ಕೂರಬೇಕಾಗುತ್ತದೆ. ಪ್ಯಾನ್, ಪಾಸ್‌ಬುಕ್ ಪ್ರತಿ, ಟಿಕೆಟ್, ಸಹಿ ಮಾಡಿದ ಪ್ರಯಾಣ ಭತ್ಯೆ ನಮೂನೆ ಅವರು ಊರಿಗೆ ಹೊರಡುವ ಮುನ್ನವೇ ಕೈಸೇರಲಿ. ಆಮೇಲೆ ಕೇಳಿದರೆ ತಿಂಗಳುಗಟ್ಟಲೆ ಬಿಲ್ಲು ಕೂತಿರುತ್ತದೆ.

ನಾವು ಮಾಜಿ ದೇವದಾಸಿ ಹೆಣ್ಣುಮಕ್ಕಳ ಸಂಘದವರು. ವಿಶ್ವವಿದ್ಯಾಲಯದ ಸಂಕಿರಣದಲ್ಲಿ ‘ನಿಮ್ಮ ಅನುಭವ ಹೇಳಿ’ ಎಂದು ಕರೆದಿದ್ದಾರೆ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.
– ಸಂಘದ ಸದಸ್ಯೆ, ಕುಷ್ಟಗಿ ತಾಲ್ಲೂಕು

ಅಕ್ಕ, ಹೋಗುವುದು ಬಿಡುವುದು ಪೂರ್ತಿ ನಿಮ್ಮ ಇಷ್ಟ. ಒಪ್ಪುವ ಮುಂಚೆ ಇಷ್ಟನ್ನು ಕೇಳಿ, ಸಾಧ್ಯವಾದರೆ ಬರಹದಲ್ಲಿ ಪಡೆಯಿರಿ. ಎಷ್ಟು ಹೊತ್ತು ಮಾತು, ಮುಂದೆ ಕೂರುವವರು ಯಾರು, ಫೋಟೋ, ವಿಡಿಯೋ ತೆಗೆಯುತ್ತಾರೆಯೇ, ತೆಗೆದರೆ ಎಲ್ಲಿ ಹಾಕುತ್ತಾರೆ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತಕ್ಕೆಂದು ಸಂಘಟಕರು ಎಲ್ಲ ಕಾರ್ಯಕ್ರಮದ ಫೋಟೋ ತೆಗೆಯುತ್ತಾರೆ, ಮರುದಿನ ಅದೇ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ನಿಮ್ಮ ಮುಖ ಬೇಡವೆಂದರೆ ಬೇಡ. ಸಭೆಯ ಹಿಂದಿನಿಂದ, ಜನರ ಬೆನ್ನು ಕಾಣುವಂತೆ ತೆಗೆದರೂ ಅವರ ದಾಖಲೆಗೆ ನಡೆಯುತ್ತದೆ.

ಬಸ್ ಚಾರ್ಜು, ಜೊತೆಗೆ ಬರುವ ಒಬ್ಬರ ಖರ್ಚು, ಆ ದಿನದ ಕೂಲಿ ಕೇಳುವುದರಲ್ಲಿ ತಪ್ಪೇನಿಲ್ಲ. ಅದಕ್ಕಿಂತ ಮುಖ್ಯ, ಪ್ರೊಫೆಸರರಿಗೆ ಕೊಡುವ ಗೌರವ ಸಂಭಾವನೆಯನ್ನೇ ನಿಮಗೂ ಕೊಡಬೇಕು. ನೀವೂ ಅಲ್ಲಿ ಸಂಪನ್ಮೂಲ ವ್ಯಕ್ತಿ. ಆಮಂತ್ರಣ ಪತ್ರಿಕೆಯಲ್ಲಿ ಬೇರೆಯವರ ಹೆಸರಿರುವ ಜಾಗದಲ್ಲೇ ನಿಮ್ಮ ಸಂಘದ ಹೆಸರಿರಲಿ.

‘ನಿಮಗೆ ಮುತ್ತು ಕಟ್ಟಿದಾಗ ವಯಸ್ಸೆಷ್ಟು’ ಎಂಬಂಥ ಪ್ರಶ್ನೆ ಸಭೆಯಲ್ಲಿ ಬರಬಹುದು. ‘ಅದನ್ನು ಇಲ್ಲಿ ಹೇಳುವುದಿಲ್ಲ’ ಎಂದು ಕೂರಲು ನಿಮಗೆ ಹಕ್ಕಿದೆ, ಗೋಷ್ಠಿಯ ಅಧ್ಯಕ್ಷರಿಗೆ ಇದನ್ನು ಮೊದಲೇ ಹೇಳಿಡಿ. ಮಾತಿನ ವಿಷಯವನ್ನೂ ನೀವೇ ಆರಿಸಿಕೊಳ್ಳಬಹುದು. 1982ರ ನಿಷೇಧ ಕಾಯ್ದೆ, ಮಾಸಾಶನದ ಅರ್ಜಿ ಯಾವ ಮೇಜಿನ ಮೇಲೆ ನಿಲ್ಲುತ್ತದೆ, ಮಕ್ಕಳ ಶಾಲಾ ದಾಖಲಾತಿಯಲ್ಲಿ ತಂದೆ ಹೆಸರಿನ ಕಾಲಂ ತಂದ ಕಷ್ಟ, ಇವುಗಳ ಬಗ್ಗೆ ನಿಮ್ಮಷ್ಟು ಬಲ್ಲವರು ಆ ಸಭಾಂಗಣದಲ್ಲಿ ಇರುವುದಿಲ್ಲ.

ನಿಮ್ಮ ಮಾತನ್ನು ಯಾರಾದರೂ ಪ್ರಬಂಧದಲ್ಲಿ ಬಳಸುವುದಾದರೆ ಹೆಸರು, ಊರು ಬದಲಾಯಿಸಬೇಕೆಂದು ಹೇಳಿ. ಶ್ರೀನಿವಾಸರೂ ತಾವು ಅಧ್ಯಯನ ಮಾಡಿದ ಹಳ್ಳಿಯನ್ನು ‘ರಾಂಪುರ’ ಎಂಬ ಬೇರೆ ಹೆಸರಿನಲ್ಲೇ ಬರೆದರು. ಸಣ್ಣ ಊರಾದರೆ ಹೆಸರು ಬದಲಾಯಿಸಿದರೂ ಮನೆ, ಓಣಿ, ಮಕ್ಕಳ ಸಂಖ್ಯೆಯಿಂದ ಗುರುತು ಸಿಕ್ಕಿಬಿಡುತ್ತದೆ. ಅಚ್ಚಿಗೆ ಕಳಿಸುವ ಮುಂಚೆ ನಿಮ್ಮ ಭಾಗವನ್ನು ನಿಮಗೆ ಓದಿ ಹೇಳಲಿ, ಬೇಡವೆಂದ ಸಾಲನ್ನು ನಿಮ್ಮೆದುರಿಗೇ ಹೊಡೆದು ಹಾಕಲಿ.