ಮೈಕ್ರೋವೇವ್ ಇಮೇಜಿಂಗ್ ಪ್ರಾಜೆಕ್ಟ್: ಆಂಟೆನಾವೋ, ಅಲ್ಗಾರಿದಮ್ಮೋ?

ಸ್ತನ ಕ್ಯಾನ್ಸರನ್ನು ಆರಂಭದಲ್ಲೇ ಪತ್ತೆಹಚ್ಚುವ ಮೈಕ್ರೋವೇವ್ ಇಮೇಜಿಂಗ್ (ಆಂಟೆನಾದಿಂದ ತರಂಗ ಹಾಯಿಸಿ, ಮರಳಿದ ಸಂಕೇತವನ್ನು ಅಲ್ಗಾರಿದಮ್‌ನಿಂದ ಚಿತ್ರವಾಗಿಸುವ ತಂತ್ರ) ಕುರಿತ ಎಂ.ಟೆಕ್ ಪ್ರಾಜೆಕ್ಟನ್ನು ಆಂಟೆನಾದಿಂದ ಆರಂಭಿಸಬೇಕೋ ಅಲ್ಗಾರಿದಮ್‌ನಿಂದಲೋ ಎಂದು ಕೇಳಿದ್ದೀರಿ. ಮಂಗಳೂರಿನ ಕಾಲೇಜೊಂದರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಹೊರಟವಳು. ಎಂಟು ತಿಂಗಳು ವಿವಾಲ್ಡಿ ಎಂಬ ಬಗೆಯ ಆಂಟೆನಾವನ್ನು ತಿದ್ದಿದೆ. ಸ್ತನದ ಮಾದರಿಯನ್ನು, ಅಂದರೆ ನಾವು ಫ್ಯಾಂಟಮ್ ಎನ್ನುವುದನ್ನು, ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಬೋಗುಣಿಯ ತುಂಬ ತೆಂಗಿನೆಣ್ಣೆ, ನಡುವೆ ಉಪ್ಪುನೀರಿನಲ್ಲಿ ಚೈನಾ ಗ್ರಾಸ್ ಕುದಿಸಿ ಮಾಡಿದ ನೆಲ್ಲಿಕಾಯಿ ಗಾತ್ರದ ಗಡ್ಡೆ, ಇಷ್ಟೇ. ಪರದೆಯ ಮೇಲೆ ಅದು ಒಂದೇ ಒಂದು ಕೆಂಪು ಬೊಟ್ಟಾಗಿ ಮೂಡಿದ ದಿನ ಲ್ಯಾಬಿನವರಿಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ.

ತಪ್ಪು ಆ ಬೋಗುಣಿಯಲ್ಲಿತ್ತು. ಮೈಕ್ರೋವೇವ್ ಗುರುತಿಸುವುದು ಮುಖ್ಯವಾಗಿ ನೀರಿನಂಶದ ವ್ಯತ್ಯಾಸವನ್ನು. ಕೊಬ್ಬಿನಲ್ಲಿ ನೀರು ಕಡಿಮೆ, ಕ್ಯಾನ್ಸರ್ ಗಡ್ಡೆಯಲ್ಲಿ ಹೆಚ್ಚು. ಹಾಗಾಗಿ ಅವುಗಳ ವಿದ್ಯುತ್ ಗುಣಗಳಲ್ಲಿ ಹತ್ತು ಪಟ್ಟಿನವರೆಗೂ ಅಂತರವಿರುತ್ತದೆ. ಆದರೆ ಹಾಲಿನ ಗ್ರಂಥಿಗಳಲ್ಲೂ ನಾರಿನ ಅಂಗಾಂಶದಲ್ಲೂ ನೀರು ಧಾರಾಳವಾಗಿರುವುದರಿಂದ, ಗಡ್ಡೆಗೂ ಅವಕ್ಕೂ ಇರುವ ಅಂತರ ಹೆಚ್ಚೆಂದರೆ ಸುಮಾರು ಶೇ. 10 ಎಂದು ವಿಸ್ಕಾನ್ಸಿನ್ ಮತ್ತು ಕ್ಯಾಲ್ಗರಿ ವಿಶ್ವವಿದ್ಯಾಲಯಗಳ ತಂಡವು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶಗಳನ್ನು ಅಳೆದು 2007ರಲ್ಲೇ ಪ್ರಕಟಿಸಿತ್ತು. ಎರಡೂ ಅಂಕಿಗಳು ಆ ಪ್ರಬಂಧದ ಸಾರಾಂಶದ ಒಂದೇ ವಾಕ್ಯದಲ್ಲಿವೆ; ನಾನು 'ಹತ್ತು ಪಟ್ಟು' ಎಂಬ ಮೊದಲರ್ಧವನ್ನಷ್ಟೇ ಬರೆದುಕೊಂಡಿದ್ದೆ. ಮೇಲಾಗಿ ಚರ್ಮವನ್ನೂ ಬಿಟ್ಟಿದ್ದೆ. ನಿಜವಾದ ಅಳತೆಯಲ್ಲಿ ಚರ್ಮದ ಪ್ರತಿಫಲನವೇ ಗಡ್ಡೆಯ ಕ್ಷೀಣ ಸಂಕೇತವನ್ನು ಮುಳುಗಿಸಿಬಿಡುತ್ತದೆ.

ವೈವಾಕ್ಕೆ ಬಂದಿದ್ದ ರೇಡಿಯಾಲಜಿಸ್ಟ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಗ್ರಂಥಿ ಎಲ್ಲಿದೆಯಮ್ಮ?" ಗ್ರಂಥಿಯನ್ನೂ ಚರ್ಮವನ್ನೂ ಸೇರಿಸಿ ಮತ್ತೆ ಅಳೆದಾಗ ಪರದೆಯ ತುಂಬ ಕೆಂಪು ಬೊಟ್ಟುಗಳು, ಗಡ್ಡೆ ಯಾವುದೆಂದು ನನಗೇ ತಿಳಿಯಲಿಲ್ಲ. ಪದವಿ ಆರು ತಿಂಗಳು ಮುಂದೆ ಹೋಯಿತು.

ಆದ್ದರಿಂದ ನಿಮ್ಮ ಎರಡೂ ಆಯ್ಕೆಗಳನ್ನು ನಾನು ಒಪ್ಪುವುದಿಲ್ಲ. ಮೊದಲು ಚರ್ಮ, ಕೊಬ್ಬು, ಗ್ರಂಥಿ ಮೂರೂ ಇರುವ ಫ್ಯಾಂಟಮ್ ಮಾಡಿ, ಗಡ್ಡೆಯಿಲ್ಲದೆಯೂ ಅಳೆಯಿರಿ. ಆಂಟೆನಾ ಸಾಧಾರಣವಾದರೂ ಸಾಕು. ನಿಮ್ಮ ಪ್ರಶ್ನೆಯಲ್ಲಿರುವ 'ಮ್ಯಾಮೋಗ್ರಫಿಗೆ (ಸ್ತನದ ಎಕ್ಸ್‌-ರೇ ತಪಾಸಣೆಗೆ) ಪರ್ಯಾಯ' ಎಂಬ ಮಾತನ್ನೂ ಕೈಬಿಡಿ. ಎಕ್ಸ್‌-ರೇ ಬೇಡ, ಒತ್ತಿಹಿಡಿಯುವ ನೋವಿಲ್ಲ ಎಂಬುದೆಲ್ಲ ಸರಿ. ಆದರೆ ಮ್ಯಾಮೋಗ್ರಫಿ ಎಡವುವ ದಟ್ಟ ಸ್ತನಗಳಲ್ಲೇ, ಗ್ರಂಥಿ ಹೆಚ್ಚಿರುವ ಕಾರಣ, ನಮ್ಮ ತಂತ್ರಕ್ಕೂ ಕಷ್ಟ. ಅಂಥ ಫ್ಯಾಂಟಮ್‌ನಲ್ಲಿ ಗಡ್ಡೆ ಕಾಣದಿದ್ದರೆ ಕಾಣಲಿಲ್ಲವೆಂದೇ ವರದಿ ಬರೆಯಿರಿ.

ಇನ್ನೊಂದು: ಕೊಬ್ಬಿಗೆ ತೆಂಗಿನೆಣ್ಣೆಯನ್ನೇ ಬಳಸುವಿರಾದರೆ ಲ್ಯಾಬಿನ ಎಸಿಯನ್ನು 28 ಡಿಗ್ರಿಯಲ್ಲೇ ಇಡಿ. 24ರ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟತೊಡಗುತ್ತದೆ, ಬೆಳಗಿನ ಅಳತೆಗೂ ಸಂಜೆಯ ಅಳತೆಗೂ ತಾಳೆಯಾಗುವುದಿಲ್ಲ.