ಕ್ಯಾನ್, ಕುಡ್, ವಿಲ್, ವುಡ್: ಎಲ್ಲಿ ಯಾವುದು?

"ಕ್ಯಾನ್‌ನ ಭೂತಕಾಲ ಕುಡ್, ವಿಲ್‌ನ ಭೂತಕಾಲ ವುಡ್ ಅಂತ ಕಲಿತಿದ್ದೇನೆ, ಆದರೂ ತಪ್ಪಾಗುತ್ತದೆ, ಯಾಕೆ?" ಎಂದು ಕೇಳಿದ್ದೀರಿ. ಆ ನಿಯಮ ಅರ್ಧ ಮಾತ್ರ ಸರಿ, ಅದಕ್ಕೇ. ನಾನು ಹೇಳುವುದಿಷ್ಟು: ಹೇಳಬೇಕಾದದ್ದನ್ನು ಮೊದಲು ಕನ್ನಡದಲ್ಲಿ ಅಂದುಕೊಂಡು ಕ್ರಿಯಾಪದದ ಕೊನೆ ಗಮನಿಸಿ.

"ಈಜಲು ಬರುತ್ತದೆ" ಎಂದಾದರೆ 'ಐ ಕ್ಯಾನ್ ಸ್ವಿಮ್'. "ಚಿಕ್ಕಂದಿನಲ್ಲಿ ಮರ ಹತ್ತಲು ಬರುತ್ತಿತ್ತು" ಎಂದಾದರೆ ಕುಡ್. ಆದರೆ "ನಿನ್ನೆ ಕೊನೆಗೂ ಬೀಗ ತೆಗೆಯಲು ಆಯಿತು" ಎಂಬಲ್ಲಿ ಕುಡ್ ಹಾಕಬೇಡಿ. 'ಐ ಕುಡ್ ಓಪನ್ ದ ಲಾಕ್' ಅಂದರೆ "ಬೇಕಾದರೆ ತೆಗೆಯಬಲ್ಲೆ" ಎಂದು ಕೇಳಿಸೀತು, ತೆಗೆದದ್ದು ತಿಳಿಯುವುದಿಲ್ಲ. ಒಂದು ಸಲ ಪ್ರಯತ್ನಪಟ್ಟು ಸಾಧಿಸಿದ್ದಕ್ಕೆ 'ಐ ವಾಸ್ ಏಬಲ್ ಟು ಓಪನ್ ಇಟ್' ಅಥವಾ 'ಐ ಮ್ಯಾನೇಜ್ಡ್ ಟು ಓಪನ್ ಇಟ್'. "ಬರುತ್ತಿತ್ತು" ಮತ್ತು "ಆಯಿತು" ನಡುವಿನ ವ್ಯತ್ಯಾಸವೇ ಇದು. "ಆಗಲಿಲ್ಲ" ಎನ್ನುವಾಗ ಈ ತೊಡಕಿಲ್ಲ, ಎರಡಕ್ಕೂ 'ಕುಡಂಟ್' ನಡೆಯುತ್ತದೆ. ಸೀ, ಹಿಯರ್ ಜೊತೆಗೂ ಕುಡ್ ಸಲೀಸು: 'ಐ ಕುಡ್ ಹಿಯರ್ ಎ ನಾಯ್ಸ್'.

'ವಿಲ್ ಕ್ಯಾನ್' ಎಂಬ ಜೋಡಿ ಇಲ್ಲ. "ಮುಂದಿನ ವರ್ಷದ ಹೊತ್ತಿಗೆ ಓದಲು ಬರುತ್ತದೆ" ಎನ್ನಲು 'ವಿಲ್ ಬಿ ಏಬಲ್ ಟು ರೀಡ್'.

ಹೆಚ್ಚು ಜನ ಎಡವುವುದು "ಇದ್ದಿದ್ದರೆ" ವಾಕ್ಯಗಳಲ್ಲಿ. "ಸಮಯ ಇದ್ದರೆ ಬರುತ್ತೇನೆ" ನಿಜವಾಗಬಹುದಾದ ಮಾತು: 'ಇಫ್ ಐ ಹ್ಯಾವ್ ಟೈಮ್, ಐ ವಿಲ್ ಕಮ್'. "ಸಮಯ ಇದ್ದಿದ್ದರೆ ಬರುತ್ತಿದ್ದೆ" ಎಂಬ ಒಂದೇ ಕನ್ನಡ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಎರಡು ರೂಪ. ಇವತ್ತಿನ ಮಾತಾದರೆ 'ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್'. ಕಳೆದುಹೋದ ದಿನದ ಮಾತಾದರೆ 'ಇಫ್ ಐ ಹ್ಯಾಡ್ ಹ್ಯಾಡ್ ಟೈಮ್, ಐ ವುಡ್ ಹ್ಯಾವ್ ಕಮ್'. ಎರಡು ಹ್ಯಾಡ್ ನೋಡಿ ಗಾಬರಿಯಾಗಬೇಡಿ: ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು "ಇರುವುದು" ಎಂಬ ಅರ್ಥದ್ದು. ಇಂಥ ವಾಕ್ಯದಲ್ಲಿ ವುಡ್ ಇರಬೇಕಾದದ್ದು "ಬರುತ್ತಿದ್ದೆ" ಎಂಬ ಕಡೆ, ಇಫ್ ಇರುವ ಕಡೆಯಲ್ಲ. ವುಡ್ ಬದಲು ಕುಡ್ ಹಾಕಿದರೆ "ಬರಬಹುದಿತ್ತು" ಎಂದಾಗುತ್ತದೆ.

ಇನ್ನು ಭವಿಷ್ಯ. ಈಗಲೇ ತೀರ್ಮಾನಿಸಿ ಮಾತು ಕೊಡುವಾಗ ವಿಲ್, ಮೊದಲೇ ನಿರ್ಧರಿಸಿದ್ದರೆ ಅಥವಾ ಸೂಚನೆ ಕಣ್ಣೆದುರೇ ಇದ್ದರೆ 'ಗೋಯಿಂಗ್ ಟು'. ಕಪ್ಪು ಮೋಡ ನೋಡಿ ಹೇಳುವುದು 'ಇಟ್ ಈಸ್ ಗೋಯಿಂಗ್ ಟು ರೇನ್'. ವಿನಯಕ್ಕೆಂದು 'ಐ ವುಡ್ ಸೆಂಡ್ ಇಟ್ ಟುಮಾರೋ' ಎಂದು ಬರೆಯುವವರು ಬಹಳ. ಅದನ್ನು ಓದಿದವರು "ಕಳಿಸುತ್ತಿದ್ದೆ, ಆದರೆ..." ಎಂದು ಅರ್ಥಮಾಡಿಕೊಂಡು ಆ 'ಆದರೆ'ಗೆ ಕಾಯುತ್ತಾರೆ. ಕಳಿಸುವುದು ಖಚಿತವಾದರೆ 'ಐ ವಿಲ್ ಸೆಂಡ್ ಇಟ್' ಎಂದೇ ಬರೆಯಿರಿ.